ಶಾಂತಕ್ಕನ ಮಾತಿಗೆ ಬಿಟ್ಟ ಜಾಗ

ಶಾಂತಕ್ಕ, ಆ ವಿಡಿಯೊ ತೆಗೆದವನು ನಾನು. ಹಾಕಿದವನೂ ನಾನೇ.

ಇಷ್ಟು ವರ್ಷ ನೀವು ಹುಡುಕುತ್ತಿದ್ದ ಆಸಾಮಿ ಅಜ್ಜಂಪುರದ ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು, ನೀವು ಬಂದಾಗಲೆಲ್ಲ ಪಕ್ಕದ ಹೋಟೆಲಿನಿಂದ ನಿಮಗೆ ಕಾಫಿ ತರಿಸುತ್ತಿದ್ದ. "ಯಾರ್ ಮಾಡಿದ್ರೋ ಏನೋ ಅಣ್ಣಾ, ಅವ್ರಿಗೆ ದೇವ್ರು ಒಳ್ಳೇದ್ ಮಾಡ್ಲಿ" ಎಂದು ನೀವು ಹಲ್ಲು ಕಚ್ಚಿ ಹೇಳಿದಾಗ ಹೂಂಗುಟ್ಟುತ್ತಿದ್ದ. ಹೂಂಗುಟ್ಟುವುದು ಬಿಟ್ಟು ಬೇರೇನು ಮಾಡಬಹುದಿತ್ತು — ಮಾಡಬಹುದಿತ್ತು. ಮಾಡಲಿಲ್ಲ.

ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ. ತಪ್ಪು ಎಂದರೆ ಇಂಥ ಕಡೆ ಆಯಿತು ಎಂದು ಬೆರಳಿಟ್ಟು ತೋರಿಸುವ ಹಾಗಿರುತ್ತದೆ ಎಂದುಕೊಂಡಿದ್ದೆ. ಇದರಲ್ಲಿ ಎಲ್ಲಿ ಬೆರಳಿಟ್ಟರೂ ಅದಕ್ಕಿಂತ ಸ್ವಲ್ಪ ಹಿಂದೆಯೇ ಆಗಿಹೋಗಿದೆ ಅನ್ನಿಸುತ್ತದೆ. ಇಲ್ಲವೇ ಸ್ವಲ್ಪ ಮುಂದೆ.

ಇದನ್ನು ಓದುವ ಬೇರೆಯವರಿಗೆ ನಮ್ಮ ಪರಿಚಯ ಹೇಳಿಬಿಡುತ್ತೇನೆ. ಶಾಂತಕ್ಕ ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಟೀಚರ್. ಹಳ್ಳಿಯ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಒಮ್ಮೆ ಬರೆದು ಆದದ್ದು ಸಾಕು. ನಾನು ಚಂದ್ರಪ್ಪ. ಕಡೂರಿನಲ್ಲಿ ಅಚ್ಚಾಗುವ ಒಂದು ಸಣ್ಣ ದಿನಪತ್ರಿಕೆಗೆ ಅಜ್ಜಂಪುರದ ವರದಿಗಾರ, ಏಜೆಂಟನೂ ನಾನೇ. ಹೊಟ್ಟೆಪಾಡಿಗೆ ಜೆರಾಕ್ಸ್ ಅಂಗಡಿ. ನಾನು ಅವರನ್ನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ಅಣ್ಣ ಅನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರೆಂದು ಯಾರೂ ಯಾರನ್ನೂ ಕೇಳಿಲ್ಲ.

ನಾನು ಈ ಕೆಲಸಕ್ಕೆ ಬಂದಾಗ ಸುದ್ದಿ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಆಗ ನಾವಿನ್ನೂ ತರೀಕೆರೆ ತಾಲ್ಲೂಕಿನವರು. ನಾನು ಬರೆದ ಹಾಳೆಗಳನ್ನು ಕವರಿಗೆ ಹಾಕಿ, ಮೇಲೆ 'ಪ್ರೆಸ್ — ತುರ್ತು' ಎಂದು ದಪ್ಪಕ್ಷರದಲ್ಲಿ ಬರೆದು, ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಅದು ಬೀರೂರು ದಾಟಿ ಕಡೂರು ಸೇರಿ, ನಮ್ಮ ಸಂಪಾದಕರಾದ ಮೂರ್ತಿಯವರ ಮೇಜಿಗೆ ಹೋಗುತ್ತಿತ್ತು. ಮೂರ್ತಿಯವರದ್ದು ಒಂದು ಕಟ್ಟಳೆ. ಯಾರ ಮೇಲಾದರೂ ದೂರು ಬರೆಯುವುದಿದ್ದರೆ ವರದಿಯ ಕೊನೆಯಲ್ಲಿ ನಾಲ್ಕು ಸಾಲಿನಷ್ಟು ಜಾಗ ಬಿಡಬೇಕು. ಆಮೇಲೆ ಆ ಮನುಷ್ಯನ ಹತ್ತಿರ ಹೋಗಿ, ಎದುರು ಕೂತು, ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಆ ಜಾಗದಲ್ಲಿ ಬರೆಯಬೇಕು. ಬೈದರೆ ಬೈದದ್ದನ್ನು. ಜಾಗ ಖಾಲಿ ಬಿಟ್ಟು ಕಳಿಸಿದರೆ ಕವರು ಅದೇ ಬಸ್ಸಿನ ವಾಪಸ್ ಟ್ರಿಪ್ಪಿನಲ್ಲಿ ನನ್ನ ಕೈಗೆ ಬರುತ್ತಿತ್ತು. ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಮಾತು: 'ಅವರೇನಂದರು?'

"ಏನ್ ಚಂದ್ರಪ್ಪಣ್ಣ, ಮತ್ತೆ ಫೇಲಾ?" ಎಂದು ಕಂಡಕ್ಟರುಗಳು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ದೂರಿಗೆ ಸಿಕ್ಕವನನ್ನು ಹುಡುಕಿಕೊಂಡು ಸೈಕಲ್ ತುಳಿಯಬೇಕು, ಅವನ ಮನೆಯಲ್ಲಿ ಅವನದೇ ಮಜ್ಜಿಗೆ ಕುಡಿದು ಅವನ ಮೇಲೆಯೇ ಪ್ರಶ್ನೆ ಕೇಳಬೇಕು. ಅರ್ಧಕ್ಕರ್ಧ ಸುದ್ದಿಗಳು ಆ ಮಜ್ಜಿಗೆಯ ಜೊತೆಗೇ ಸತ್ತುಹೋಗುತ್ತಿದ್ದವು, ಏಕೆಂದರೆ ಕೇಳಿದ ಮೇಲೆ ಅದು ಸುದ್ದಿಯೇ ಅಲ್ಲವೆಂದು ತಿಳಿಯುತ್ತಿತ್ತು. ಆದರೂ ಹಾಗೆಯೇ ಅಭ್ಯಾಸವಾಯಿತು. ಸೈಕಲ್ ಹೋಗಿ ಸ್ಕೂಟರ್ ಬಂತು, ಕವರು ಹೋಗಿ ಫೋನ್ ಬಂತು, ಮೂರ್ತಿಯವರ ಕೆಂಪು ಶಾಯಿ ಹೋಗಿ ಮೆಸೇಜ್ ಬಂತು. ಪ್ರಶ್ನೆ ಮಾತ್ರ ಅದೇ.

ನಿಮಗೆ ಗೊತ್ತೋ ಇಲ್ಲವೋ ಶಾಂತಕ್ಕ, ಪೇಪರಿನವನಿಗೆ ಯಾರೂ ಏನೂ ಹೇಳುವುದಿಲ್ಲ. ಅಷ್ಟು ವರ್ಷ ಬರೆದೆ. "ಚೆನ್ನಾಗ್ ಬರ್ದಿದೀಯ" ಎಂದು ಬಂದು ಹೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾದರೆ ಮಾತ್ರ ಬೆಳಿಗ್ಗೆಯೇ ಅಂಗಡಿ ಮುಂದೆ ನಿಲ್ಲುತ್ತಿದ್ದರು. ಆಮೇಲಾಮೇಲೆ ಅದೂ ನಿಂತಿತು. ಪತ್ರಿಕೆಯ ಕಟ್ಟು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂತು. ಕಟಿಂಗ್ ಶಾಪಿನವನು ಸಹ, "ಬೇಡ ಬಿಡಣ್ಣ, ಎಲ್ರೂ ಫೋನ್ ನೋಡ್ಕೊಂಡ್ ಕೂತಿರ್ತಾರೆ" ಎಂದ. ಜನ ಓದುವುದನ್ನು ಬಿಟ್ಟರು ಎನ್ನೋಣವೆಂದರೆ ಅವರು ಇಡೀ ದಿನ ಓದುತ್ತಲೇ ಇದ್ದರು. ನಾನು ಬರೆದದ್ದನ್ನು ಓದುತ್ತಿರಲಿಲ್ಲ, ಅಷ್ಟೇ.

ಪತ್ರಿಕೆಗೆ ಬರುವ ಮೊದಲು ಯಾವ ಸುದ್ದಿಯೂ ಫೋನಿನಲ್ಲಿ ಹೋಗಬಾರದು ಎಂದು ಮೂರ್ತಿಯವರು ಹೇಳಿದ್ದರು. ನಾನು ಇನ್ನೊಂದು ಸಿಮ್ ತೆಗೆದುಕೊಂಡು ಹೆಸರಿಲ್ಲದ ಒಂದು ಪೇಜ್ ಮಾಡಿದೆ. ಯಾರದ್ದೆಂದು ಯಾರಿಗೂ ತಿಳಿಯದ ಪೇಜ್. ಕೆಟ್ಟದ್ದು ಮಾಡಲು ಮಾಡಿದ್ದಲ್ಲ, ನಿಜವಾಗಿಯೂ ಅಲ್ಲ. ಈರುಳ್ಳಿ ರೇಟು ಹಾಕುತ್ತಿದ್ದೆ. ರೈಲು ಲೇಟಾದರೆ ಹಾಕುತ್ತಿದ್ದೆ. ಕರೆಂಟ್ ಹೋಗುವ ಹೊತ್ತು ಹಾಕುತ್ತಿದ್ದೆ. ಒಮ್ಮೆ ಮನೆಯಿಂದ ದಾರಿ ತಪ್ಪಿ ಹೋದ ಒಬ್ಬ ಅಜ್ಜನ ಫೋಟೊ ಹಾಕಿದೆ. ಸಂಜೆಯೊಳಗೆ ಬೀರೂರು ಸ್ಟೇಷನ್ನಿನಲ್ಲಿ ಅವರನ್ನು ಗುರುತಿಸಿ ಯಾರೋ ಮನೆಗೆ ಫೋನ್ ಮಾಡಿದರು. ಪತ್ರಿಕೆಯಲ್ಲಿ ಬಂದಿದ್ದರೆ ಅದು ಮಾರನೆಯ ಬೆಳಿಗ್ಗೆ. ಅಷ್ಟು ಹೊತ್ತಿಗೆ ಅಜ್ಜ ಯಾವ ರೈಲು ಹತ್ತಿರುತ್ತಿದ್ದರೋ. ಅದಕ್ಕೇ ಫೋನನ್ನು ಬೈದು ಕೈ ತೊಳೆದುಕೊಳ್ಳಲು ನನಗೆ ಆಗುತ್ತಿಲ್ಲ. ಬೈಯುವ ಹಾಗಿದ್ದರೆ ಎಷ್ಟು ಸುಲಭವಿತ್ತು.

ಆ ಅಜ್ಜ ಸಿಕ್ಕ ದಿನ ಪೇಜಿನಲ್ಲಿ ನೂರಾರು ಜನ ಕೈಮುಗಿದ ಗುರುತು ಹಾಕಿದ್ದರು. ನನ್ನ ಹೆಸರು ಅವರಿಗೆ ಗೊತ್ತಿಲ್ಲ. ಆದರೂ ನಾನು ಅಂಗಡಿಯ ಶಟರ್ ಅರ್ಧ ಎಳೆದು ಒಂದೊಂದನ್ನೇ ಓದಿದೆ. ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ತುಂಬಾ ಖುಷಿಯಾಗಿತ್ತು.

ಆಮೇಲೆ ನಿಮ್ಮ ದಿನ ಬಂತು.

ನಿಮ್ಮೂರಿನ ನೀರಿನ ಟ್ಯಾಂಕ್ ಉದ್ಘಾಟನೆಯ ವರದಿಗೆ ಬಂದಿದ್ದೆ. ಬರಬೇಕಾದ ದೊಡ್ಡವರು ಬರಲಿಲ್ಲ, ಶಾಮಿಯಾನದ ಕೆಳಗೆ ಕೂತು ಕೂತು ಬೇಸತ್ತು ಹೊರಟೆ. ಅಂಗನವಾಡಿಯ ಹತ್ತಿರ, ರಸ್ತೆಯ ಆಚೆ ಬದಿಯ ಹೊಂಗೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಫೋನ್ ನೋಡುತ್ತಿದ್ದೆ. ಮಕ್ಕಳು ಮನೆಗೆ ಹೋಗಿಯಾಗಿತ್ತು. ನೀವು ಹಿಂದಿನ ಬಾಗಿಲಿನಿಂದ ಬಂದಿರಿ. ಕೈಯಲ್ಲಿ ಮೊಟ್ಟೆಯ ಟ್ರೇ, ಮೇಲೆ ಸೆರಗು ಮುಚ್ಚಿದ್ದಿರಿ. ಬಾಗಿಲಿಗೆ ಬೀಗ ಹಾಕಿ, ಟ್ರೇಯನ್ನು ಸೊಂಟಕ್ಕೆ ಆನಿಸಿಕೊಂಡು ನಿಮ್ಮ ಮನೆಯ ಕಡೆ ನಡೆದಿರಿ. ಫೋನ್ ಹೇಗೂ ಕೈಯಲ್ಲಿತ್ತು. ಎತ್ತಿ ಹಿಡಿದೆ. ತಿರುವಿನಲ್ಲಿ ನೀವು ಒಮ್ಮೆ ಹಿಂದಿರುಗಿ, ನಾನಿದ್ದ ದಿಕ್ಕಿಗೆ ನೋಡಿದಿರಿ. ಕಣ್ಣಿಗೆ ಬಿಸಿಲು ಬಿದ್ದು ಹುಬ್ಬು ಗಂಟಿಕ್ಕಿದ್ದಿರಿ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

ಆ ನೋಟ. ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿಮಗೆ ನಾನು ಕಂಡೆನೇ? ಬರೀ ಮರ ಕಂಡಿತೇ? ಇಲ್ಲ, ಬಿಸಿಲು ಕುಕ್ಕಿ ಏನೂ ಕಾಣಲಿಲ್ಲವೇ? ಈ ಒಂದು ವಿಷಯ ಮಾತ್ರ ನನಗೆ ಇವತ್ತಿಗೂ...

ಅಲ್ಲಿಂದ ನಿಮ್ಮ ಮನೆ ಕೂಗಿದರೆ ಕೇಳುವ ದೂರ. ಸ್ಕೂಟರ್ ತಿರುಗಿಸಿ ಬಂದು "ಏನ್ ಶಾಂತಕ್ಕ, ಮೊಟ್ಟೆ ಎಲ್ಲಿಗೆ ಹೊಂಟ್ವು?" ಎಂದು ಕೇಳಬಹುದಿತ್ತು. ಪತ್ರಿಕೆಗಾಗಿದ್ದರೆ ಖಂಡಿತ ಬರುತ್ತಿದ್ದೆ — ಕೈ ತಾನಾಗಿಯೇ ಹ್ಯಾಂಡಲ್ ತಿರುಗಿಸುತ್ತಿತ್ತು. ಅದು ಫೋನಿಗಾದ್ದರಿಂದ ಬರಲಿಲ್ಲ. ಇದು ನನಗೆ ಅರ್ಥವಾಗದೇ ಉಳಿದಿರುವ ಸಂಗತಿ. ಅದೇ ಚಂದ್ರಪ್ಪ, ಅದೇ ಸ್ಕೂಟರು, ಅದೇ ಕಣ್ಣು. ಒಂದು ಕೆಲಸಕ್ಕೆ ಅಷ್ಟೊಂದು ಹಿಂದೆಮುಂದೆ ನೋಡುವವನು, ಇನ್ನೊಂದು ಕೆಲಸಕ್ಕೆ ಸ್ಟ್ಯಾಂಡ್ ತೆಗೆಯುವಷ್ಟರಲ್ಲಿ ಮುಗಿಸಿಬಿಟ್ಟ. ಫೋನಿನಲ್ಲಿ ಹಾಕುವುದು ಬರೆಯುವುದೇ ಅಲ್ಲ, ಸುಮ್ಮನೆ ಮಾತಾಡಿದ ಹಾಗೆ ಎಂದು ನನ್ನ ಮನಸ್ಸಿನಲ್ಲಿ ಇತ್ತೋ ಏನೋ. ಇತ್ತು ಎಂದು ಈಗ ಹೇಳುತ್ತಿದ್ದೇನೆ. ಆಗ ಏನಿತ್ತೋ, ನನಗೆ ನೆನಪಿಲ್ಲ.

ವಿಡಿಯೊದ ಮೇಲೆ ಊರಿನ ಹೆಸರು ಹಾಕಿ ಒಂದು ಸಾಲು ಬರೆದೆ: 'ಮಕ್ಕಳ ಮೊಟ್ಟೆ ಹೊರಟಿದ್ದು ಯಾರ ಮನೆಗೆ?' ಕಳ್ಳಿ ಎನ್ನಲಿಲ್ಲ. ಪ್ರಶ್ನೆ ತಾನೇ ಕೇಳಿದ್ದು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದದ್ದು ನಿಮಗೊಬ್ಬರಿಗೆ. ನಿಮ್ಮನ್ನು ಬಿಟ್ಟು ಊರನ್ನೆಲ್ಲ ಕೇಳಿದೆ.

ಊರು ಉತ್ತರ ಕೊಟ್ಟಿತು. ವಿಡಿಯೊ ಅಜ್ಜಂಪುರ ದಾಟಿ ತರೀಕೆರೆಗೆ ಹೋಯಿತು, ಕಡೂರಿಗೆ ಹೋಯಿತು. ನಿಮ್ಮನ್ನು ಎದುರು ಕಂಡೇ ಇಲ್ಲದವರು ನಿಮ್ಮ ಮನೆತನವನ್ನೆಲ್ಲ ಬೈದರು. ಅದನ್ನು ಹೇಗೋ ತಡೆದುಕೊಳ್ಳಬಹುದು. ಆದರೆ ನಿಮ್ಮೂರಿನ ತಾಯಂದಿರಿಗೆ ಗೊತ್ತಿತ್ತಲ್ಲ — ಅಂಗನವಾಡಿಯ ಸಿಲಿಂಡರ್ ಖಾಲಿಯಾಗಿತ್ತು, ಹೊಸದು ಬಂದಿರಲಿಲ್ಲ, ಅದಕ್ಕೆ ನೀವು ಸಂಜೆ ಮೊಟ್ಟೆಗಳನ್ನು ಮನೆಗೆ ಒಯ್ದು, ನಿಮ್ಮ ಒಲೆಯ ಮೇಲೆ ಬೇಯಿಸಿ, ಬೆಳಿಗ್ಗೆ ಬಿಸಿ ನೀರಿನ ಪಾತ್ರೆಯಲ್ಲಿಟ್ಟು ತರುತ್ತಿದ್ದಿರಿ. ಅವರ ಮಕ್ಕಳು ದಿನಾ ತಿನ್ನುತ್ತಿದ್ದರು. ಸಿಪ್ಪೆ ಸುಲಿಯಲು ಆ ತಾಯಂದಿರಲ್ಲೇ ಒಬ್ಬಿಬ್ಬರು ಬಂದು ಕೂರುತ್ತಿದ್ದರು. ವಿಡಿಯೊ ನೋಡಿದ ಮೇಲೆ ಅವರೂ, "ಬೇಯ್ಸೋದೇನೋ ನಿಜ, ಆದ್ರೆ ಎಲ್ಲಾನೂ ವಾಪಸ್ ಬತ್ತಿದ್ವಾ ಅಂತ ಯಾರ್ ನೋಡಿದ್ರು? ವಿಡಿಯೊದಲ್ಲಿ ಐತಲ್ಲ" ಎಂದರಂತೆ. ವಿಡಿಯೊದಲ್ಲಿ ಇದ್ದದ್ದು ಅವರು ದಿನಾ ಕಣ್ಣಾರೆ ನೋಡುತ್ತಿದ್ದದ್ದೇ. ಇದನ್ನು ಎಷ್ಟು ಯೋಚಿಸಿದರೂ ನನ್ನ ತಲೆಗೆ ಹೋಗುತ್ತಿಲ್ಲ.

ವಿಚಾರಣೆ ಮುಗಿಯುವ ತನಕ ನೀವು ಕೆಲಸಕ್ಕೆ ಬರುವುದು ಬೇಡ ಎಂದಾಯಿತು. ಒಂದು ದಿನ ನೀವು ನನ್ನ ಅಂಗಡಿಗೆ ಬಂದಿರಿ. ಬಸ್ಸಿನಿಂದ ಇಳಿದು ನೇರ ಬಂದಿದ್ದಿರಿ. ಜೆರಾಕ್ಸ್ ಮಾಡಿಸಲು ನಿಂತಿದ್ದವರು ಹೋಗುವ ತನಕ ಮೂಲೆಯ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಹೇಳಿದಿರಿ.

"ಅಣ್ಣಾ, ನೀವು ಪೇಪರ್‌ನೋರು. ನೀವು ಕೇಳ್ದೆ ಏನೂ ಬರಿಯಲ್ಲ ಅಂತ ನಮ್ಮೂರಲ್ಲಿ ಎಲ್ರಿಗೂ ಗೊತ್ತೈತೆ. ಬಂದ್ ನೋಡಿ, ನಿಜ ಏನೈತೋ ಅದನ್ನ ಬರೀರಿ. ಸಾಕು."

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. "ಕಾಫಿ ತಗೋತೀರಾ ಶಾಂತಕ್ಕ?" ಎಂಬ ಮಾತು ಬಂತು.

ಬಂದೆ. ನಿಮ್ಮ ಮನೆಯ ಒಲೆ ನೋಡಿದೆ. ಸಹಾಯಕಿಯನ್ನು ಮಾತಾಡಿಸಿದೆ, ಒಬ್ಬೊಬ್ಬ ತಾಯಿಯ ಮನೆಗೂ ಹೋದೆ, ಮಕ್ಕಳನ್ನು ಕೂಡ ಕೇಳಿದೆ. ಹೋದಲ್ಲೆಲ್ಲ ಅವರ ಮಾತನ್ನು ಅವರ ಬಾಯಿಯಲ್ಲಿ ಬಂದ ಹಾಗೆಯೇ ಬರೆದುಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಬರೆದ ವರದಿ ಇನ್ನೊಂದಿಲ್ಲ. ಮೂರ್ತಿಯವರು ಫೋನ್ ಮಾಡಿ, "ಇದು ಕಣಯ್ಯಾ ವರದಿ ಅಂದ್ರೆ. ಯಾವನೋ ಮುಖ ಮುಚ್ಕೊಂಡು ಕಲ್ಲು ಹೊಡೆದು ಹೋದ, ನೀನು ಹೋಗಿ ಗಾಯಕ್ಕೆ ಔಷಧಿ ಹಚ್ಚಿದೆ" ಎಂದರು. ನಾನು "ಹೌದು ಸಾರ್" ಎಂದೆ. ವಿಚಾರಣೆಯಲ್ಲೂ ನಿಮ್ಮದು ತಪ್ಪಿಲ್ಲವೆಂದು ಆಗಿ, ನೀವು ವಾಪಸ್ ಕೆಲಸಕ್ಕೆ ಹೋದಿರಿ. ನನ್ನ ವರದಿಯನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ — ಅದನ್ನೂ ನನ್ನ ಅಂಗಡಿಯಲ್ಲೇ ಮಾಡಿಸಿದಿರಿ — ಅಂಗನವಾಡಿಯ ಗೋಡೆಗೆ, ಅ ಆ ಇ ಈ ಚಾರ್ಟಿನ ಪಕ್ಕದಲ್ಲಿ ತೂಗುಹಾಕಿದಿರಿ. ದುಡ್ಡು ಬೇಡ ಎಂದೆ. ಅದನ್ನೂ ನೀವು ನನ್ನ ದೊಡ್ಡತನ ಎಂದುಕೊಂಡಿರಿ.

ಅಂದಿನಿಂದ ಪ್ರತಿ ವರ್ಷ ಅವರೆಕಾಯಿ ಕಾಲದಲ್ಲಿ ನಮ್ಮ ಮನೆಗೆ ನಿಮ್ಮ ಚೀಲ ಬರುತ್ತದೆ. ನನ್ನ ಹೆಂಡತಿ ಸಾರು ಮಾಡಿ, "ಪುಣ್ಯಾತ್ಗಿತ್ತಿ, ಮರೆಯದೆ ಕಳಿಸ್ತಾಳೆ ನೋಡಿ" ಎನ್ನುತ್ತಾಳೆ. ನಾನು ಎರಡನೇ ಸಲ ಹಾಕಿಸಿಕೊಂಡು ಉಂಡಿದ್ದೇನೆ. ಉಣ್ಣುವಾಗ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಇಳಿಯುತ್ತಿತ್ತು, ಶಾಂತಕ್ಕ. ನೀವು ಕೊಟ್ಟ ಮರ್ಯಾದೆ ನನಗೆ ಹಿತವಾಗಿಯೇ ಇತ್ತು. ವಿಡಿಯೊ ಹಾಕಿದವನು ಬೇರೆ ಯಾರೋ, ವರದಿ ಬರೆದವನೇ ನಾನು ಎಂದು ಒಂದೊಂದು ದಿನ ನನಗೇ ನಂಬಿಕೆ ಬಂದುಬಿಡುತ್ತಿತ್ತು.

ಪೇಜನ್ನು ನೀವು ನನ್ನ ಅಂಗಡಿಗೆ ಬಂದ ದಿನವೇ ಅಳಿಸಿದೆ. ಸಿಮ್ ಮುರಿದು ಚರಂಡಿಗೆ ಹಾಕಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ ನೋಡಿ, ಅದೇ ನನ್ನ ಪೇಪರ್ ಬುದ್ಧಿ. ಇವತ್ತಿನ ಪೇಪರ್ ನಾಳೆ ಬೋಂಡಾ ಕಟ್ಟಲು ಹೋಗುತ್ತದೆ, ಎಂಥ ಸುದ್ದಿಯೂ ಎಣ್ಣೆ ಹೀರಿಕೊಂಡು ಹಾಳಾಗುತ್ತದೆ. ಫೋನಿನದು ಹಾಗೆ ಸಾಯುವುದಿಲ್ಲವೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೋ ಅದನ್ನು ಇಳಿಸಿಕೊಂಡು ಸಂಗೀತ ಸೇರಿಸಿದ್ದರು. ಇನ್ಯಾರೋ ನಿಮ್ಮ ಮುಖದ ಸುತ್ತ ಕೆಂಪು ವೃತ್ತ ಎಳೆದಿದ್ದರು. ಎರಡು ವರ್ಷದ ನಂತರ ತರೀಕೆರೆಯಲ್ಲಿರುವ ನನ್ನ ಹೆಂಡತಿಯ ತಮ್ಮ ಅದನ್ನು ನನಗೇ ಕಳಿಸಿದ. 'ನೋಡಿ ಭಾವ, ಇಂಥೋರನ್ನ ಏನ್ ಮಾಡ್ಬೇಕು? ನಿಮ್ ಪೇಪರ್‌ನಲ್ಲಿ ಹಾಕಿ.' ಊರಿನ ಹೆಸರು ಬದಲಾಗಿತ್ತು, ನಾನು ಬರೆದ ಸಾಲು ಇರಲಿಲ್ಲ, ನನ್ನ ಪ್ರಶ್ನೆಯ ಚಿಹ್ನೆಯೂ ಹೋಗಿತ್ತು. ನನ್ನದು ಎನ್ನಲು ಅದರಲ್ಲಿ ಏನೂ ಉಳಿದಿರಲಿಲ್ಲ. ನಿಮ್ಮ ಮುಖ ಮಾತ್ರ ಹಾಗೇ ಇತ್ತು.

ಭಾಮೈದನಿಗೆ 'ಇದು ಸುಳ್ಳು' ಎಂದು ಬರೆದೆ. 'ಹೆಂಗ್ ಗೊತ್ತು?' ಎಂದು ಕೇಳಿದ. ನನ್ನ ವರದಿಯ ಫೋಟೊ ಕಳಿಸಿದೆ. ಅವನು ಹೆಬ್ಬೆರಳು ಎತ್ತಿದ ಗುರುತು ಹಾಕಿದ. ಓದಲಿಲ್ಲ ಎಂದು ನನಗೆ ಗೊತ್ತು.

ಇಷ್ಟೆಲ್ಲ ಆದರೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಮೊನ್ನೆ ನೀವು ಫೋನ್ ಮಾಡಿ ಕರೆದಿರಿ. ಬಂದೆ. ಅಂಗನವಾಡಿಯ ಬಾಗಿಲಲ್ಲಿ ಕೂತು ನೀವು ಹೇಳಿದಿರಿ, ಊರಿಗೆ ಹೊಸದಾಗಿ ಬಂದ ಒಬ್ಬ ಹೆಣ್ಣುಮಗಳು ಆ ವಿಡಿಯೊ ನೋಡಿದ್ದಾಳೆ ಎಂದು. ಜಗಳ ಮಾಡಲಿಲ್ಲವಂತೆ, ಏನೂ ಕೇಳಲಿಲ್ಲವಂತೆ.

"ಮಗೀನ ಕರ್ಕೊಂಡ್ ಹೋಗಕ್ಕೆ ಬತ್ತಾಳಲ್ಲ ಅಣ್ಣಾ, ಆಗ ಇಲ್ಲೇ ನಿಂತ್ಕೊಂಡು ಮಗೀನ ಬಾಯಿ ಮೂಸಿ ನೋಡ್ತಾಳೆ. ಮೊಟ್ಟೆ ತಿಂದೈತೋ ಇಲ್ವೋ ಅಂತ. ದಿನಾ. ನನ್ ಎದುರಿಗೇ."

ನೀವು ಅಳಲಿಲ್ಲ. ಬಾಗಿಲ ಚೌಕಟ್ಟಿನ ಮೇಲಿದ್ದ ಮಕ್ಕಳ ಕೈಗುರುತುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಿರಿ. "ಬರೋ ವರ್ಷ ರಿಟೈರ್ಡ್ ಆಗ್ತೀನಿ. ಇಲ್ಲಿ ಆಡಿದ ಮಕ್ಕಳ ಮಕ್ಕಳನ್ನೂ ಆಡಿಸಿದೀನಿ. ಮೊಟ್ಟೆ ಕಳ್ಳಿ ಅನ್ನಿಸ್ಕೊಂಡ್ ಹೋಗಕ್ಕೆ ನನ್ ಕೈಲಾಗಲ್ಲ. ಗೋಡೆ ಮ್ಯಾಲಿರೋ ನಿಮ್ ಪೇಪರ್ ತೋರಿಸ್ದೆ. ಆಯಮ್ಮ ಅದರ ಕಡೆ ಒಂದ್ ಸಲ ನೋಡಿ ಸುಮ್ನಾದ್ಲು. ಈಗಿನೋರು ಪೇಪರ್ ನಂಬಲ್ಲ. ನೀವೇ ಫೋನಲ್ಲಿ ಮಾತಾಡಿ. ನೀವು ಹೇಳಿದ್ರೆ ನಂಬ್ತಾರೆ."

ನಿಮ್ಮ ಸೊಸೆ ಕಾವ್ಯ ಫೋನ್ ಹಿಡಿದು ನಿಂತಳು. ನನ್ನನ್ನು ಗೋಡೆಯ ಮುಂದೆ, ನನ್ನ ವರದಿಯ ಪಕ್ಕದಲ್ಲಿ ನಿಲ್ಲಿಸಿದಳು. ನೀವು ಸೆರಗು ಸರಿ ಮಾಡಿಕೊಂಡು ನನ್ನ ಪಕ್ಕ ಬಂದು ನಿಂತಿರಿ. "ಶುರು ಮಾಡಿ ಅಂಕಲ್" ಎಂದಳು. ಅಷ್ಟರಲ್ಲಿ ನೀವು, ಬೇರೇನೋ ನೆನಪಾದವರ ಹಾಗೆ, ತೀರಾ ಸಾಧಾರಣ ದನಿಯಲ್ಲಿ ಒಂದು ಮಾತು ಹೇಳಿದಿರಿ.

"ಅವತ್ತು ನೀವೂ ನಮ್ಮೂರಿಗೆ ಬಂದಿದ್ರಿ ಅಲ್ವಾ ಅಣ್ಣಾ? ಟ್ಯಾಂಕ್ ಉದ್ಘಾಟನೆ ದಿನ."

"ಇಲ್ಲಿ ಬೆಳಕು ಸಾಲ್ದು ಕಣಮ್ಮ, ಇನ್ನೊಂದಿನ ಮಾಡೋಣ" ಎಂದು ಕಾವ್ಯಳಿಗೆ ಹೇಳಿ ಹೊರಟುಬಂದೆ. ಹೊರಗೆ ಮಟಮಟ ಮಧ್ಯಾಹ್ನ.

ದಾರಿಯುದ್ದಕ್ಕೂ ಅದೇ ಯೋಚನೆ. ಗೊತ್ತಿದ್ದು ಕೇಳಿದಿರೋ, ಗೊತ್ತಿಲ್ಲದೆ ಕೇಳಿದಿರೋ. ಗೊತ್ತಿದ್ದರೆ ಅವತ್ತು ನನ್ನ ಅಂಗಡಿಗೇ ಯಾಕೆ ಬಂದಿರಿ? ಅವರೆಕಾಯಿ ಯಾಕೆ ಕಳಿಸಿದಿರಿ? ಗೊತ್ತಿಲ್ಲದಿದ್ದರೆ, ಅಷ್ಟೊಂದು ನಂಬಿಕೆ... ಎರಡರಲ್ಲಿ ಯಾವುದು ನಿಜವಾದರೂ ನನಗೆ ತಲೆ ಎತ್ತಲು ಜಾಗವಿಲ್ಲ. ಯಾವುದು ನಿಜವಾಗಲಿ ಎಂದು ಬೇಡಿಕೊಳ್ಳಬೇಕೆಂದೂ ತಿಳಿಯಲಿಲ್ಲ.

ಮಾರನೆಯ ದಿನ ರೈಲು ಹತ್ತಿ ಕಡೂರಿಗೆ ಹೋದೆ. ಮೂರ್ತಿಯವರಿಗೆ ಈಗ ವಯಸ್ಸಾಗಿದೆ. ಪತ್ರಿಕೆ ಹೆಸರಿಗೆ ಅಚ್ಚಾಗುತ್ತದೆ. ಬೆಳಿಗ್ಗೆ ಅದರ ಪುಟಗಳನ್ನು ಅವರೇ ಎಲ್ಲರ ಫೋನಿಗೂ ಕಳಿಸುತ್ತಾರೆ, ಹಿಂದೆಯೇ ಒಂದು ಗುಲಾಬಿ ಹೂವಿನ ಚಿತ್ರ, 'ಶುಭೋದಯ'. ಪತ್ರಿಕೆಗಿಂತ ಹೂವಿಗೇ ಹೆಚ್ಚು ಉತ್ತರ ಬರುತ್ತದೆ ಎಂದು ಅವರೇ ನಗುತ್ತಾರೆ. ಅವರ ಎದುರು ಕೂತು ಎಲ್ಲವನ್ನೂ ಹೇಳಿದೆ. ಸಿಮ್ಮು, ಪೇಜು, ಹೊಂಗೆ ಮರ, ಎಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಸ್ವಲ್ಪ ಹಗುರಾಗಬಹುದು ಎಂಬ ಆಸೆಯೂ ಇತ್ತು. ಅವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಕೇಳಿದರು.

"ಅವರೇನಂದರು?"

"ಅವ್ರಿಗೆ ಇನ್ನೂ ಹೇಳಿಲ್ಲ ಸಾರ್."

"ಮತ್ತೆ ನನ್ ಹತ್ರ ಯಾಕಯ್ಯಾ ಬಂದೆ?"

ಹಿಂದೆ ನನ್ನ ಕವರು ಬರುತ್ತಿದ್ದ ಹಾಗೆ, ಅದೇ ದಾರಿಯಲ್ಲಿ ನಾನೇ ವಾಪಸ್ ಬಂದೆ. ಬಂದವನು ಅಂಗಡಿ ತೆಗೆಯದೆ ಇದನ್ನು ಬರೆಯಲು ಕೂತೆ. ಇಲ್ಲಿಯವರೆಗೆ ಬರೆದು, ಕೆಳಗೆ ನಾಲ್ಕು ಸಾಲಿನ ಜಾಗ ಬಿಟ್ಟೆ.

ಭಾನುವಾರ ನಿಮ್ಮ ಮನೆಗೆ ಬಂದು, ನಿಮ್ಮ ಎದುರೇ ಓದಿದೆ. ನೀವು ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಿರಿ. ಮೊದಲ ಸಾಲಿಗೇ ಕೈ ನಿಂತಿತು. ಆಮೇಲೆ ಮತ್ತೆ ಸುಲಿಯತೊಡಗಿದಿರಿ, ನಾನು ಓದಿ ಮುಗಿಸುವ ತನಕವೂ ಸುಲಿದಿರಿ. ಓದಿ ಮುಗಿದ ಮೇಲೆ ನನ್ನ ಮುಖ ನೋಡದೆ ಕಾವ್ಯಳನ್ನು ಕರೆದು, "ಫೋನ್ ತಗೊಂಡ್ ಬಾ" ಎಂದಿರಿ. ನಾನು ಗೋಡೆಗೆ ಒರಗಿ ನಿಂತು, ನನ್ನ ಹೆಸರು ಹೇಳಿ, ಮಾಡಿದ್ದನ್ನು ಹೇಳಿದೆ. ನಡುವೆ ಎರಡು ಸಲ ತಡವರಿಸಿದೆ. ಕಾವ್ಯ ನಿಲ್ಲಿಸಲಿಲ್ಲ. ಅದು ಈಗ ಫೋನುಗಳಲ್ಲಿ ಹೋಗುತ್ತಿದೆ. ಮೊದಲಿನದು ಹೋದಷ್ಟು ದೂರ ಇದು ಹೋಗಲಾರದು, ಅದು ನನಗೆ ಗೊತ್ತು. ನಾಳೆ ಬೆಳಿಗ್ಗೆ ಅಂಗನವಾಡಿಗೆ ಮಕ್ಕಳನ್ನು ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಊರಿನ ತಾಯಂದಿರಿಗೂ, ಆ ಹೊಸ ಹೆಣ್ಣುಮಗಳಿಗೂ, ಒಬ್ಬೊಬ್ಬರಿಗೂ ಬಾಯಿಯಿಂದ ಹೇಳುತ್ತೇನೆ. ಗೋಡೆಯ ಮೇಲಿನ ನನ್ನ ವರದಿಯನ್ನು ಇಳಿಸಲೇ ಎಂದು ಕೇಳಿದಾಗ ನೀವು ಮೊರದಲ್ಲಿನ ಸಿಪ್ಪೆ ಆರಿಸತೊಡಗಿದಿರಿ.

ಹೊರಡುವಾಗ ಹಾಳೆ ತೋರಿಸಿ, ಇಲ್ಲಿ ನಿಮ್ಮ ಮಾತು ಬರೆಯಬೇಕು, ಏನು ಹೇಳಿದರೂ ಒಂದಕ್ಷರ ತಿದ್ದುವುದಿಲ್ಲ ಎಂದೆ. ಆ ದಿನ ತಿರುವಿನಲ್ಲಿ ನಿಮಗೆ ನಾನು ಕಂಡಿದ್ದೆನೇ ಎಂದೂ ಕೇಳಿದೆ. ನೀವು ಮೊರ ಪಕ್ಕಕ್ಕಿಟ್ಟು ಹೇಳಿದಿರಿ. ಈ ಸಲ 'ಅಣ್ಣಾ' ಎನ್ನಲಿಲ್ಲ.

ಶಾಂತಕ್ಕ ಹೇಳಿದ್ದು:

"ಬರ್ಕೊಳಿ. ಗ್ಯಾಸ್ ಇರ್ಲಿಲ್ಲ. ಮೊಟ್ಟೆ ಬೇಯ್ಸಕ್ಕೆ ಮನೆಗೆ ತಗೊಂಡ್ ಹೋಗ್ತಿದ್ದೆ. ಅವತ್ತು ಕೇಳಿದ್ರೂ ಇಷ್ಟೇ ಹೇಳ್ತಿದ್ದೆ. ನಿಮ್ ಗಾಡಿ ನೋಡಿದ್ನೋ ಇಲ್ವೋ ಅನ್ನೋದು ನನ್ ಹತ್ರಾನೇ ಇರ್ಲಿ."